ಎಡಗೈ ಕತ್ತರಿಯ ಅರ್ಜಿ

“ಹೊರದೇಶಕ್ಕೆ ಹೋಗ್ಬಹುದಂತೆ ಅಣ್ಣ ನಾನು. ಮಂಡಿ ಚಿಪ್ಪು ಬದಲಾಯಿಸ್ಕೊಂಡು ಬರೋದಕ್ಕೆ. ಎಂಟು ವಾರ ಕೊಟ್ಟಿದ್ದಾರೆ ಮಹಾನುಭಾವರು,” ಅಂತ ಹೇಳಿ ಆಕೆ ಕೋರ್ಟಿನ ಆದೇಶವನ್ನು ನೇರವಾಗಿ ನನ್ನ ಕೀಲಿಮಣೆಯ ಮೇಲೇ ಹಾಕಿದಳು. “ಕತ್ತರಿ ಮಾತ್ರ ಮುಟ್ಟೋ ಹಾಗಿಲ್ಲ.”

ನಾನು ಕೋರ್ಟಿನ ಮೆಟ್ಟಿಲ ಕೆಳಗೆ ಕೂತು ಅರ್ಜಿ ಟೈಪು ಮಾಡುವವನು. ಮೆಟ್ಟಿಲ ಕೆಳಗೆ ಅಂದರೆ ನಿಜವಾಗಿಯೂ ಕೆಳಗೆ. ನೆಟ್ಟಗೆ ನಿಂತರೆ ನೆತ್ತಿಗೆ ಮೇಲಿನಿಂದ ಐದನೇ ಮೆಟ್ಟಿಲು ತಗಲುತ್ತದೆ. ಇಪ್ಪತ್ತಾರು ವರ್ಷದಿಂದ ಅಲ್ಲೇ ಇದ್ದೇನೆ. ಮೇಲೆ ಓಡಾಡುವ ಬೂಟಿನ ಸದ್ದು ಕೇಳಿಯೇ ಯಾವ ಲಾಯರು ಕೇಸು ಗೆದ್ದು ಇಳಿಯುತ್ತಿದ್ದಾನೆ, ಯಾವನು ಕಕ್ಷಿದಾರನ ಕಣ್ಣು ತಪ್ಪಿಸಿ ಇಳಿಯುತ್ತಿದ್ದಾನೆ ಅಂತ ಹೇಳಬಲ್ಲೆ. ಎಲ್ಲರೂ ನನ್ನನ್ನು ‘ಟೈಪು’ ಅಂತಲೇ ಕರೆಯುವುದು. ನನಗೊಂದು ಹೆಸರಿತ್ತು ಅನ್ನುವುದು ನನ್ನ ಹೆಂಡತಿಗೂ ಮರೆತಿರಬೇಕು.

ಆದೇಶ ಎತ್ತಿಕೊಂಡು ಓದಿದೆ. ಅರ್ಜಿದಾರರು ಮಂಡಿ ಚಿಪ್ಪಿನ ಶಸ್ತ್ರಚಿಕಿತ್ಸೆಗಾಗಿ ಎಂಟು ವಾರಗಳ ಕಾಲ ಹೊರದೇಶಕ್ಕೆ ತೆರಳಲು ಅನುಮತಿಸಲಾಗಿದೆ, ಸರ್ಕಾರದ ಪರ ವಕೀಲರ ಆಕ್ಷೇಪಣೆ ಇಲ್ಲ, ಉಳಿದ ಷರತ್ತುಗಳು ಯಥಾಪ್ರಕಾರ. ಕೆಳಗೆ ನ್ಯಾಯಾಧೀಶರ ಸಹಿ, ಮೊಹರು. ಎಲ್ಲಾ ಸರಿಯಾಗೇ ಇತ್ತು, ಮಂಡಿ ಒಂದು ಬಿಟ್ಟು.

“ನಿಮ್ಮ ಮಂಡಿಗೆ ಏನಾಗಿದೆ ಮಾಸ್ಟರಮ್ಮ?” ಅಂತ ಕೇಳಿದೆ.

“ಏನೂ ಆಗಿಲ್ಲ. ದಿನಾ ಹತ್ತು ಗಂಟೆ ನಿಂತು ಬಟ್ಟೆ ಕತ್ತರಿಸಿದ ಮಂಡಿ ಇದು. ಈ ಸಹಿ ಹಾಕಿದವರ ಮಂಡಿಗಿಂತ ಗಟ್ಟಿ. ಹೊರದೇಶ ಹಾಗಿರ್ಲಿ, ನಾನು ಈ ಊರಿನ ರೈಲು ಹತ್ತಿ ಹನ್ನೊಂದು ವರ್ಷ ಆಯ್ತು.”

ಆ ಮಂಡಿ ಯಾರದ್ದು ಅಂತ ನನಗೆ ಗೊತ್ತಿತ್ತು.

ಆಕೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಕಾರ್ಖಾನೆಯೊಂದರಲ್ಲಿ ಆಕೆ ಕಟಿಂಗ್ ಮಾಸ್ಟರ್. ಅಲ್ಲಿ ಹೊಲಿಯುವ ಹೆಂಗಸರು ಮೂವತ್ತು ಜನ, ಕತ್ತರಿಸುವವಳು ಇವಳೊಬ್ಬಳೇ. ಹದಿನೆಂಟು ವರ್ಷ ಒಂದೇ ಮೇಜು, ಒಂದೇ ಕತ್ತರಿ. ಕುತ್ತಿಗೆಯಲ್ಲಿ ಸದಾ ಟೇಪು, ಉಗುರಿನ ಸಂದಿಯಲ್ಲಿ ಸೀಮೆಸುಣ್ಣ, ಎಡಗೈ ಹೆಬ್ಬೆರಳ ಬುಡದಲ್ಲಿ ಕಲ್ಲಿನಂಥ ಜಡ್ಡು. ಆಕೆಯ ತಂಗಿಯೂ ಅಲ್ಲೇ ಗುಂಡಿ ಹೊಲಿಯುತ್ತಾಳೆ. ಒಂದು ಮಧ್ಯಾಹ್ನ ಆ ತಂಗಿಯ ಗಂಡ ಕಾರ್ಖಾನೆಗೆ ನುಗ್ಗಿ, ಎಲ್ಲರ ಎದುರಿಗೆ ಹೆಂಡತಿಯ ಜುಟ್ಟು ಹಿಡಿದು ಎಳೆದ. ಮಾಸ್ಟರಮ್ಮನ ಕೈಯಲ್ಲಿ ಆಗ ಕತ್ತರಿ ಇತ್ತು. ಕೈಯಲ್ಲಿದ್ದದ್ದು ಹಾರಿತು. ಅವನ ಮುಂಗೈಗೆ ನಾಲ್ಕು ಹೊಲಿಗೆ ಬಿತ್ತು. “ಆ ಹೊಲಿಗೆ ನಾನು ಹಾಕಿದ್ರೆ ಇನ್ನೂ ನೀಟಾಗಿರ್ತಿತ್ತು,” ಅಂತ ಆಕೆ ಪೊಲೀಸರ ಮುಂದೆಯೇ ಅಂದಳಂತೆ. ಆ ಮಾತೂ ದಾಖಲಾಯಿತು.

ಕೇಸಿನಲ್ಲಿ ತಂಗಿ ಸಾಕ್ಷಿ ಹೇಳಿದ್ದು ಗಂಡನ ಪರವಾಗಿ. “ಅಕ್ಕ ಮೊದಲಿಂದಲೂ ಕೋಪಿಷ್ಠೆ ಸ್ವಾಮಿ,” ಅಂದಳು. ಜುಟ್ಟಿನ ಮಾತು ಎತ್ತಲೇ ಇಲ್ಲ. ಆರೋಪ ಸಾಬೀತಾಯಿತು. ಮೊದಲ ತಪ್ಪು, ಹೆಂಗಸು, ದುಡಿಯುವವಳು ಅಂತ ಜೈಲಿಗೆ ಕಳಿಸದೆ ಎರಡು ವರ್ಷ ಒಳ್ಳೇ ನಡತೆಯಿಂದಿರಬೇಕು ಅಂತ ಬಿಟ್ಟರು. ಷರತ್ತು ಮೂರು: ಊರು ಬಿಟ್ಟು ಹೋಗುವ ಹಾಗಿಲ್ಲ. ಪ್ರತಿ ಸೋಮವಾರ ಪ್ರೊಬೇಷನ್ ಆಫೀಸರ ಮುಂದೆ ಸಹಿ ಹಾಕಬೇಕು. ಹರಿತವಾದ ಅಲಗುಳ್ಳ ಯಾವುದೇ ಸಲಕರಣೆಯನ್ನು ಕೈಯಲ್ಲಿ ಹಿಡಿಯಕೂಡದು.

ಬಟ್ಟೆ ಕತ್ತರಿಸುವವಳಿಗೆ ಕತ್ತರಿ ಹಿಡಿಯಬೇಡ ಅಂದರು, ಕೋರ್ಟಿನಲ್ಲಿ ಒಬ್ಬರಿಗೂ ನಗು ಬರಲಿಲ್ಲ. ಆಕೆಯ ವಕೀಲರಾದರೂ ಎದ್ದು ನಿಂತು ಒಂದು ಮಾತು ಹೇಳಬಹುದಿತ್ತು. ಅವರು ಹೇಳಿದ್ದು ಕಕ್ಷಿದಾರಳ ಕಿವಿಯಲ್ಲಿ: “ಜೈಲು ತಪ್ತಲ್ಲ! ಆಯ್ತು ಅಂದ್ಕೊಳ್ಳಿ.”

ಆ ವಕೀಲರಿಗೆ ನಾವು ಮೆಟ್ಟಿಲ ಕೆಳಗಿನವರು ಇಟ್ಟ ಹೆಸರೇ ‘ಆಯ್ತಂದ್ಕೊಳ್ಳಿ’. ಯಾವ ಕೆಲಸವನ್ನೂ ಆಗಿದೆ ಅಂತ ಅವರು ಹೇಳಿದ್ದು ಕೇಳಿಲ್ಲ. ಆಯ್ತು ಅಂದುಕೊಳ್ಳಿ ಅಂತ ನಮ್ಮ ಮೇಲೇ ಹಾಕುತ್ತಾರೆ. ಅಂದುಕೊಳ್ಳುವುದು ಕಕ್ಷಿದಾರರ ಕೆಲಸ.

ಐದು ತಿಂಗಳು ಮಾಸ್ಟರಮ್ಮ ಕತ್ತರಿ ಮುಟ್ಟಲಿಲ್ಲ. ಮುಟ್ಟಲಿಲ್ಲ ಅಂದರೆ ನೂಲು ಬಂದರೂ ಹಲ್ಲಿನಲ್ಲಿ ಕಚ್ಚಿ ತುಂಡು ಮಾಡುತ್ತಿದ್ದಳು. ಮೇಜಿನ ಮೇಲೆ ಬಟ್ಟೆ ಹಾಸಿ, ಅಳತೆ ಇಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆದು ಕೈಕಟ್ಟಿ ನಿಲ್ಲುವಳು. ಕತ್ತರಿಸುತ್ತಿದ್ದದ್ದು ಅದೇ ತಂಗಿ. ಬೇರೆ ಯಾರೂ ಒಪ್ಪಲಿಲ್ಲ. “ನಾನು ಗೆರೆ ಎಳೀತೀನಿ, ಅವಳು ಗೆರೆಯ ನೆರೆಹೊರೆಯಲ್ಲೆಲ್ಲಾ ಸುತ್ತಾಡಿ ಬರ್ತಾಳೆ,” ಅನ್ನುತ್ತಿದ್ದಳು ಮಾಸ್ಟರಮ್ಮ. ಕಾಲರು ಒಂದು ಕಡೆ ಎದ್ದರೆ ಇನ್ನೊಂದು ಕಡೆ ಮಲಗುತ್ತಿತ್ತು. ಕೊನೆಗೆ ಯಜಮಾನರು ಹೇಳಿಬಿಟ್ಟರು: ಬರುವ ಒಂದನೇ ತಾರೀಖಿನೊಳಗೆ ಕತ್ತರಿ ಹಿಡಿದರೆ ಮೇಜು ನಿನ್ನದು, ಇಲ್ಲದಿದ್ದರೆ ಹೊಸ ಮಾಸ್ಟರ್ ಬರುತ್ತಾನೆ, ನೀನು ತಂಗಿಯ ಪಕ್ಕ ಕೂತು ಗುಂಡಿ ಹೊಲಿ.

ಅದಕ್ಕೇ ಷರತ್ತು ಬದಲಾಯಿಸಿ ಅಂತ ಅರ್ಜಿ ಹಾಕಿದ್ದು. ಆ ಅರ್ಜಿ ಟೈಪು ಮಾಡಿದವನು ನಾನು.

ಹೇಗೆ ಮಾಡಿದೆ ಅನ್ನುವುದನ್ನೂ ಕೇಳಿ. ಆಯ್ತಂದ್ಕೊಳ್ಳಿಯವರು ಮೆಟ್ಟಿಲ ಮೇಲಿಂದಲೇ ಬಗ್ಗಿ, “ಏ ಟೈಪು, ಹೋದ ತಿಂಗಳು ಒಂದು ಷರತ್ತು ಬದಲಾವಣೆ ಮಾಡಿದ್ವಲ್ಲ, ಅದನ್ನೇ ತೆಗಿ. ಹೆಸರು, ವಯಸ್ಸು, ಕೇಸ್ ನಂಬರ್ ಬದಲಾಯಿಸು,” ಅಂದರು. ಹೋದ ತಿಂಗಳಿನದು ಒಬ್ಬ ನಿವೃತ್ತ ಕಂಟ್ರಾಕ್ಟರನದು. ಸೇತುವೆ ಕಟ್ಟುವ ಸಿಮೆಂಟನ್ನು ಮನೆ ಕಟ್ಟಲು ಬಳಸಿ ಸಿಕ್ಕಿಬಿದ್ದವನು, ಮಂಡಿ ನೋವು. ನಮ್ಮಲ್ಲಿ ಇದೇ ಪದ್ಧತಿ. ಹೊಸ ಅರ್ಜಿ ಅಂತ ಯಾವುದೂ ಇಲ್ಲ. ಹಳೆಯದರ ಹಣೆಗೆ ಹೊಸ ಹೆಸರು ಹಚ್ಚುತ್ತೇವೆ. ನಾನು ಹೇಳಿದಷ್ಟು ಬದಲಾಯಿಸಿದೆ. ‘ಮಂಡಿ’ ಅನ್ನುವ ಮಾತು ಕಣ್ಣಿಗೆ ಬೀಳಲಿಲ್ಲ ಅಂತ ಸುಳ್ಳು ಹೇಳಲಾರೆ. ಬಿತ್ತು. ಇರಬಹುದೇನೋ, ನಿಂತು ಕೆಲಸ ಮಾಡುವ ಹೆಂಗಸು, ಮಂಡಿ ನೋಯುತ್ತಿರಬಹುದು ಅಂದುಕೊಂಡೆ. ನಿಮಿಷಕ್ಕೆ ಅರವತ್ತು ಪದ ಹೊಡೆಯುವ ಬೆರಳು ನನ್ನದು; ಒಂದು ಪದ ಓದುವುದಕ್ಕೆ ಬಿಡುವಿರಲಿಲ್ಲ.

ವಕೀಲರು ಓದದೆ ಸಹಿ ಹಾಕಿದರು. ಸರ್ಕಾರದ ಪರ ವಕೀಲರು ಓದದೆ ಆಕ್ಷೇಪಣೆ ಇಲ್ಲ ಅಂದರು. ನ್ಯಾಯಾಧೀಶರು ಓದದೆ ಅನುಮತಿ ಕೊಟ್ಟರು. ಕೊನೆಗೆ ಓದಿದವಳು ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮಾಸ್ಟರಮ್ಮ ಒಬ್ಬಳೇ.

ಅಷ್ಟರಲ್ಲಿ ಮೇಲಿಂದ ಬೂಟಿನ ಸದ್ದು ಇಳಿಯಿತು. ಕಣ್ಣು ತಪ್ಪಿಸುವ ಸದ್ದು, ಆಯ್ತಂದ್ಕೊಳ್ಳಿಯವರದು. ಆದರೆ ಆಕೆ ತಪ್ಪಿಸಿಕೊಳ್ಳಲು ಬಿಡಬೇಕಲ್ಲ, ಟೇಪು ಹಿಡಿದು ಅಳತೆಗೆ ನಿಲ್ಲಿಸಿದ ಹಾಗೆ ಅವರನ್ನು ಗೋಡೆಗೆ ಒತ್ತಿ ನಿಲ್ಲಿಸಿದಳು.

ಅವರು ಆದೇಶ ಓದಿದರು. ಅವರ ಮುಖ ಒಂದು ಕ್ಷಣ ಬಾಡಿ ತಕ್ಷಣ ಅರಳಿತು.

“ಒಳ್ಳೇದೇ ಆಯ್ತಲ್ಲಮ್ಮ! ಅರ್ಜಿ ಮಂಜೂರಾಗಿದೆ. ಕೋರ್ಟು ನಮ್ಮ ಕಡೆ ಇದೆ ಅಂತಾಯ್ತು.”

“ನಾನು ಕೇಳಿದ್ದು ಕತ್ತರಿ.”

“ಮೊದಲು ಒಂದು ಕೊಡ್ತಾರೆ, ಆಮೇಲೆ ಇನ್ನೊಂದು. ಹಂತ ಹಂತವಾಗಿ.”

“ಹೌದಾ? ಹಾಗಾದ್ರೆ ಮೊದಲು ಹೊರದೇಶಕ್ಕೆ ಹೋಗಿ, ಚೆನ್ನಾಗಿರೋ ಮಂಡಿ ಕತ್ತರಿಸ್ಕೊಂಡು ಬಂದು, ಆಮೇಲೆ ಕತ್ತರಿ ಕೇಳ್ಲಾ?”

ಅವರು ನನ್ನ ಕಡೆ ತಿರುಗಿದರು. “ಏನಯ್ಯಾ ಟೈಪು ಇದು? ಎಂಥಾ ದೋಷ ಮಾಡಿದ್ದೀಯ?”

“ನೀವು ಹೇಳಿದ್ದನ್ನೇ ಮಾಡಿದೆ ಸಾರ್.”

“ಟೈಪಿಂಗ್ ದೋಷ ಕಣಮ್ಮ,” ಅಂದರು ಆಕೆಗೆ, ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ. “ಸರಿಮಾಡೋಣ. ಆದ್ರೆ ಈಗ ಬೇಡ. ಈ ಆದೇಶದ ಮಸಿ ಇನ್ನೂ ಆರಿಲ್ಲ. ಈಗಲೇ ಹೋಗಿ ಇದು ತಪ್ಪು ಅಂದ್ರೆ ಸಾಹೇಬರಿಗೆ ಮುಜುಗರ ಆಗಲ್ವಾ? ಒಂದು ಮೂರು ತಿಂಗಳು ಬಿಟ್ಟು ಹಾಕೋಣ.”

“ಇನ್ನು ಹನ್ನೆರಡು ದಿನಕ್ಕೆ ನನ್ನ ಮೇಜು ಹೋಗ್ತದೆ ಸಾರ್.”

“ಮೇಜು ತಾನೇ?” ಅಂದರು. ಅಂದು, ಗಡಿಯಾರ ನೋಡಿಕೊಂಡು ಹೊರಟೇಬಿಟ್ಟರು. ತಿರುವಿನಲ್ಲಿ ನಿಂತು ಕೈ ಎತ್ತಿ, “ಆಯ್ತು ಅಂದ್ಕೊಳ್ಳಿ!” ಅಂತ ಕೂಗಿದ್ದೂ ಕೇಳಿಸಿತು.

ಮಾಸ್ಟರಮ್ಮ ನನ್ನ ಎದುರಿನ ಸ್ಟೂಲಿನ ಮೇಲೆ ಕೂತಳು. ಅಳಲಿಲ್ಲ, ಬೈಯಲೂ ಇಲ್ಲ. ನನ್ನ ಅಂಗಿಯ ಭುಜವನ್ನೇ ನೋಡುತ್ತಾ, “ಈ ತೋಳು ಯಾರು ಕೂರಿಸಿದ್ದು ಅಣ್ಣ? ಹಿಂದುಮುಂದಾಗಿದೆ,” ಅಂದಳು. ಆಮೇಲೆ, “ನೀವೂ ಓದ್ಲಿಲ್ಲ ಅಲ್ವಾ?” ಅಂತ ಮೆಲ್ಲಗೆ ಕೇಳಿದಳು.

ಇಪ್ಪತ್ತಾರು ವರ್ಷದಲ್ಲಿ ನನಗೆ ಬೈದ ಜಡ್ಜುಗಳಿದ್ದಾರೆ, ಫೈಲು ಎಸೆದ ಲಾಯರುಗಳಿದ್ದಾರೆ. ಯಾವುದೂ ಇಷ್ಟು ತಾಗಿರಲಿಲ್ಲ. ಕಂಪ್ಯೂಟರ್ ಮುಚ್ಚಿ ಎದ್ದೆ, ಐದನೇ ಮೆಟ್ಟಿಲಿಗೆ ತಲೆ ಬಡಿಸಿಕೊಂಡೆ, “ಬನ್ನಿ,” ಅಂದೆ.

ಕೋರ್ಟಿನ ಹಿಂಭಾಗದಲ್ಲಿ, ಹಳೇ ಕುರ್ಚಿಗಳನ್ನು ರಾಶಿ ಹಾಕುವ ಕೋಣೆಯ ಪಕ್ಕ, ‘ಉಚಿತ ಕಾನೂನು ನೆರವು’ ಅಂತ ಒಂದು ಬೋರ್ಡಿದೆ. ‘ಉಚಿತ’ ಅನ್ನುವುದನ್ನು ಓದಿದ ಕೂಡಲೇ ಜನ ಅನುಮಾನಪಟ್ಟು ಹಿಂದಿರುಗುತ್ತಾರೆ. ಒಳಗೆ ಕೂರುವ ವಕೀಲೆಗೆ ವರ್ಷಪೂರ್ತಿ ನೆಗಡಿ. ಹಳೇ ಕಾಗದದ ಧೂಳು ಆಗುವುದಿಲ್ಲವಂತೆ, ಕೂತಿರುವುದು ಮಾತ್ರ ಅದರ ಮಧ್ಯೆಯೇ. ದೊಡ್ಡ ಲಾಯರುಗಳೆಲ್ಲ ‘ನೆಗಡಿ ಮೇಡಂ’ ಅಂತ ಆಡಿಕೊಂಡು ನಗುತ್ತಾರೆ. ನಾನೂ ನಕ್ಕವನೇ.

ಆಕೆ ಆದೇಶವನ್ನು ಎರಡು ಸಲ ಓದಿದರು. ಆಮೇಲೆ ಮೊದಲಿನ ಶಿಕ್ಷೆಯ ಆದೇಶವನ್ನು ತರಿಸಿ ಅದನ್ನೂ ಪೂರ್ತಿ ಓದಿದರು. ಕೋರ್ಟಿನ ಆವರಣದಲ್ಲಿ ಒಬ್ಬ ವಕೀಲರು ಒಂದು ಕಾಗದವನ್ನು ಮೇಲಿಂದ ಕೆಳಗಿನವರೆಗೆ ಓದುವುದನ್ನು ನಾನು ಬಾಯಿಬಿಟ್ಟು ನೋಡಿದೆ.

“ಬದಲಾಯಿಸ್ಬಹುದು,” ಅಂದರು ಮೂಗು ಒರೆಸಿಕೊಂಡು. “ಷರತ್ತು ಹಾಕಿದ ಕೋರ್ಟೇ ಅದನ್ನ ಬದಲಾಯಿಸ್ಬಹುದು. ಹಾಕಿದಾಗ ಗೊತ್ತಿಲ್ಲದೇ ಇದ್ದ ಸಂಗತಿ ಏನು, ಇಷ್ಟು ದಿನ ನೀವು ಹೇಗೆ ನಡ್ಕೊಂಡ್ರಿ, ಬದಲಾಯಿಸಿದ್ರೆ ಯಾರಿಗಾದ್ರೂ ಅಪಾಯ ಇದೆಯಾ, ಇಷ್ಟೇ ನೋಡೋದು. ಆದ್ರೆ ಕೇಸು ನಾನು ತಗೊಳ್ಳೋದಕ್ಕೆ ನಿಮ್ಮ ಹಳೇ ವಕೀಲರ ಒಪ್ಪಿಗೆ ಪತ್ರ ಬೇಕು. ಕೊಡ್ತಾರಾ?”

“ಅದು ನನಗೆ ಬಿಡಿ ಮೇಡಂ,” ಅಂದೆ.

ಆವತ್ತು ಸಂಜೆ ಆಯ್ತಂದ್ಕೊಳ್ಳಿಯವರಿಗೆ ಹನ್ನೊಂದು ಕಾಗದಕ್ಕೆ ಸಹಿ ಹಾಕುವುದಿತ್ತು. ಒಪ್ಪಿಗೆ ಪತ್ರವನ್ನು ನೀಟಾಗಿ ಟೈಪು ಮಾಡಿ ಏಳನೆಯದಾಗಿ ಇಟ್ಟೆ. ಅಡಗಿಸಿಡಲಿಲ್ಲ, ಮೇಲೆ ದಪ್ಪಕ್ಷರದಲ್ಲಿ ‘ಒಪ್ಪಿಗೆ ಪತ್ರ’ ಅಂತಲೇ ಬರೆದಿದ್ದೆ. ಅವರು ಫೋನಿನಲ್ಲಿ ನಗುತ್ತಾ ಹನ್ನೆರಡಕ್ಕೂ ಸಹಿ ಹಾಕಿ ಹೋದರು.

ಮರುದಿನ ಬೆಳಿಗ್ಗೆ ನೆಗಡಿ ಮೇಡಂ ನನ್ನ ಮೆಟ್ಟಿಲ ಕೆಳಗೇ ಬಂದು ಬಗ್ಗಿ ಕೂತರು. ಮಾಸ್ಟರಮ್ಮ ಸ್ಟೂಲಿನ ಮೇಲೆ. ನಾನು ಅಭ್ಯಾಸಬಲದಿಂದ ಹಳೇ ಫೈಲು ತೆರೆದೆ.

“ಅದು ಬೇಡ. ಖಾಲಿ ಹಾಳೆ ತೆಗೀರಿ,” ಅಂದರು ಮೇಡಂ.

ಖಾಲಿ ಹಾಳೆ! ಅದು ಆ ಯಂತ್ರದಲ್ಲಿ ಎಲ್ಲಿದೆ ಅಂತ ಹುಡುಕುವುದಕ್ಕೇ ನನಗೆ ಸ್ವಲ್ಪ ಹೊತ್ತು ಬೇಕಾಯಿತು.

“ಹೇಳಮ್ಮ. ಕತ್ತರಿ ಯಾತಕ್ಕೆ ಬೇಕು?”

“ಕೇಳಿದ್ರಾ ಅಣ್ಣ?” ಮಾಸ್ಟರಮ್ಮ ನನ್ನ ಕಡೆ ನೋಡಿದಳು. “ಲಾಯರಿಗೆ ನಾಲಿಗೆ ಯಾತಕ್ಕೆ ಬೇಕು ಅಂತ ಕೇಳ್ಲಾ ನಾನು?”

“ನನಗೆ ಗೊತ್ತು. ಮೇಲೆ ಕೂತವರಿಗೆ ಗೊತ್ತಿಲ್ಲ. ಅವರು ಜನ್ಮದಲ್ಲಿ ಬಟ್ಟೆ ಕತ್ತರಿಸಿದ್ದು ನೋಡಿಲ್ಲ ಅಂದ್ಕೊಂಡು ಹೇಳಿ.”

“ಅಂದ್ಕೊಳ್ಳೋದೇನು ಬಂತು, ನೋಡಿಲ್ಲ,” ಅಂತ ಶುರುಮಾಡಿದಳು. ಬಟ್ಟೆಯನ್ನು ನಾಲ್ಕು ಪದರ ಹಾಸುವುದು, ನೇಯ್ಗೆಯ ಎಳೆ ನೋಡಿ ತಿರುಗಿಸುವುದು, ಕಂಕುಳ ತಿರುವಿನಲ್ಲಿ ಕೈ ನಿಲ್ಲಿಸದೆ ಒಂದೇ ಉಸಿರಿನಲ್ಲಿ ಕತ್ತರಿ ಹರಿಸುವುದು. ನಿಂತು ನಿಂತು ಹರಿಸಿದರೆ ಅಂಚು ಹಲ್ಲುಹಲ್ಲಾಗುತ್ತದೆ, ಹೊಲಿಯುವವಳು ಎಳೆದು ಸರಿಮಾಡುತ್ತಾಳೆ, ಮಗು ಕೈ ಎತ್ತಿದ ದಿನ ಅಲ್ಲೇ ಹರಿಯುತ್ತದೆ. “ಮತ್ತೆ ನನ್ನದು ಎಡಗೈ. ಅಂಗಡೀಲಿ ಸಿಗೋ ಕತ್ತರಿ ಎಲ್ಲಾ ಬಲಗೈದು. ಅದನ್ನ ಎಡಗೈಲಿ ಹಿಡಿದ್ರೆ ಗೆರೆ ಅಲಗಿನ ಹಿಂದೆ ಮರೆಯಾಗ್ತದೆ, ಕಾಣೋದೇ ಇಲ್ಲ. ನನ್ನದು ಬೇರೆ ಅಲಗು ತಿರುಗಿಸಿ ಮಾಡಿಸಿದ್ದು. ಮಾಡಿಕೊಟ್ಟವರು ಈಗಿಲ್ಲ. ಅದು ಇದೇ ಕಟ್ಟಡದಲ್ಲಿ, ನಿಮ್ಮ ಜಪ್ತಿ ಕೋಣೇಲಿ ತುಕ್ಕು ಹಿಡೀತಿದೆ.”

ಮೇಡಂ ಕರವಸ್ತ್ರ ಕೆಳಗಿಟ್ಟರು. “ಜಪ್ತಿ ವಸ್ತು ಏನು ಮಾಡ್ಬೇಕು ಅಂತ ಆದೇಶದಲ್ಲಿ ಬರೆದೇ ಇಲ್ಲ. ಮರೆತಿದ್ದಾರೆ. ಅದನ್ನೂ ಕೇಳೋಣ.”

ಆಕೆ ಹೇಳಿದ್ದನ್ನೇ ಟೈಪು ಮಾಡಿದೆ. ಎಲ್ಲಿ: ಕಾರ್ಖಾನೆಯ ಮೇಜಿನ ಬಳಿ ಮಾತ್ರ. ಎಷ್ಟು ಹೊತ್ತು: ಒಂಬತ್ತರಿಂದ ಏಳು. ಸಂಜೆ ಕತ್ತರಿ ಯಾರ ಬಳಿ: ಯಜಮಾನರ ಬೀರುವಿನಲ್ಲಿ, ಬೀಗ ಹಾಕಿ. ಜೊತೆಗೆ ಪ್ರೊಬೇಷನ್ ಆಫೀಸರ ವರದಿ: ಇಪ್ಪತ್ತೆರಡು ಸೋಮವಾರದಲ್ಲಿ ಒಂದೂ ತಪ್ಪಿಲ್ಲ. ಒಟ್ಟು ಎರಡು ಪುಟ. ಮೂರು ಸಲ ಓದಿದೆ. ಒಂದೇ ಒಂದು ಮಂಡಿ ಸಿಗಲಿಲ್ಲ.

ಇಪ್ಪತ್ತೆಂಟನೇ ತಾರೀಖು ವಿಚಾರಣೆಗೆ ಬಂತು. ನಾನು ಅಂಗಡಿ ಮುಚ್ಚಿ ಹಿಂದಿನ ಬೆಂಚಿನಲ್ಲಿ ಕೂತೆ.

ಸರ್ಕಾರದ ಪರ ವಕೀಲರು ಎದ್ದರು. ಯಾರೋ ಅವರಿಗೆ ಈ ಸಲ ವಿಷಯ ಹೇಳಿದ್ದರು ಅಂತ ಕಾಣುತ್ತದೆ, ಎದೆ ಉಬ್ಬಿತ್ತು. “ತೀವ್ರ ಆಕ್ಷೇಪಣೆ ಇದೆ ಸ್ವಾಮಿ. ಈಕೆ ಸಮಾಜಕ್ಕೆ ಅಪಾಯ. ಇಂಥವರ ಕೈಗೆ ಮತ್ತೆ ಆಯುಧ ಕೊಡೋದು...”

ನೆಗಡಿ ಮೇಡಂ ಒಂದು ಸೀನು ಸೀನಿ ಕಾಗದ ಎತ್ತಿದರು. “ಸ್ವಾಮಿ, ಹತ್ತು ದಿನದ ಹಿಂದೆ ಇದೇ ಮಾನ್ಯ ವಕೀಲರಿಗೆ, ಇದೇ ಅಪಾಯಕಾರಿ ಮಹಿಳೆ ದೇಶ ಬಿಟ್ಟು ಹೋಗೋದಕ್ಕೆ ಯಾವ ಆಕ್ಷೇಪಣೆಯೂ ಇರ್ಲಿಲ್ಲ. ಬಹುಶಃ ಬೇರೆ ದೇಶದ ಸಮಾಜಕ್ಕೆ ಅಪಾಯ ಆದ್ರೆ ಪರವಾಗಿಲ್ಲ ಅನ್ನೋದು ಸರ್ಕಾರದ ನಿಲುವು ಇರ್ಬೇಕು.”

ಬೆಂಚಿನ ಮೇಲೆ ಒಂದಿಬ್ಬರು ಕೆಮ್ಮಿದರು. ನ್ಯಾಯಾಧೀಶರು ಫೈಲು ತಿರುಗಿಸಿ ತಮ್ಮದೇ ಆದೇಶ ಓದಿದರು. ಬಹುಶಃ ಮೊದಲ ಸಲ. ಓದುತ್ತಾ ಓದುತ್ತಾ ಕನ್ನಡಕ ತೆಗೆದು ಒರೆಸಿಕೊಂಡರು, ತಪ್ಪು ಕನ್ನಡಕದ್ದೇ ಅನ್ನುವ ಹಾಗೆ.

“ಮಂಡಿ ಶಸ್ತ್ರಚಿಕಿತ್ಸೆ ಆಯ್ತಾ?” ಅಂತ ಕೇಳಿದರು.

“ಮಂಡಿಗೆ ಏನೂ ಆಗಿರ್ಲಿಲ್ಲ ಸ್ವಾಮಿ,” ಅಂದಳು ಮಾಸ್ಟರಮ್ಮ ಕಟಕಟೆಯಿಂದ. “ನಿಮ್ಮ ದಯದಿಂದ ಈಗಲೂ ಚೆನ್ನಾಗಿದೆ.”

ಅವರಿಗೆ ಅದು ಕೊಂಕೋ ಕೃತಜ್ಞತೆಯೋ ಗೊತ್ತಾಗಲಿಲ್ಲ. ಆ ಆದೇಶದ ಮಾತನ್ನು ಮತ್ತೆ ಎತ್ತಲೂ ಇಲ್ಲ. ಹೊಸ ಅರ್ಜಿಯ ಕಡೆ ತಿರುಗಿ, “ಮತ್ತೆ ಕೋಪ ಬಂದ್ರೆ? ಕೈಯಲ್ಲಿ ಕತ್ತರಿ ಇದ್ದಾಗ?” ಅಂದರು.

“ಸ್ವಾಮಿ, ಗೆರೆ ಎಳೆದಾದ ಮೇಲೆ ಈ ಐದು ತಿಂಗಳೂ ನನ್ನ ಕೈಯಲ್ಲಿ ಸೂಜಿ ಇತ್ತು. ಅಲಗಿಲ್ಲ, ಮೊನೆ ಇದೆ. ನೀವು ಅಲಗು ಅಂತ ಮಾತ್ರ ಬರೆದಿದ್ರಿ. ನನ್ನ ತಂಗಿ ಗಂಡ ಈ ಐದು ತಿಂಗಳಲ್ಲಿ ಏಳು ಸಲ ಕಾರ್ಖಾನೆಗೆ ಬಂದಿದ್ದಾನೆ. ಯಾರಿಗೂ ಒಂದು ತೂತು ಆಗಿಲ್ಲ. ಬೇಕಿದ್ರೆ ಲೆಕ್ಕ ಹಾಕ್ಕೊಳ್ಳಿ.”

ಮೇಡಂ ಆಕೆಯ ಸೆರಗು ಜಗ್ಗಿದರು. ನ್ಯಾಯಾಧೀಶರು ಸುಮ್ಮನೆ ಬರೆದುಕೊಂಡರು. ಆಮೇಲೆ ಅವರಿಗೊಂದು ಉಪಾಯ ಹೊಳೆಯಿತು. ಕತ್ತರಿಗೆ ಸರಪಳಿ ಹಾಕಿ ಮೇಜಿಗೆ ಕಟ್ಟಿದರೆ ಹೇಗೆ, ಅಂಚೆ ಕಚೇರಿಯಲ್ಲಿ ಪೆನ್ನಿಗೆ ದಾರ ಕಟ್ಟಿರುತ್ತಾರಲ್ಲ, ಹಾಗೆ.

“ಆ ಪೆನ್ನಲ್ಲಿ ಯಾರಾದ್ರೂ ಬರೆದಿದ್ದು ನೋಡಿದ್ದೀರಾ ಸ್ವಾಮಿ?” ಅಂದಳು ಆಕೆ.

ಈ ಸಲ ಬೆಂಚಿನವರು ಕೆಮ್ಮಲಿಲ್ಲ, ನಕ್ಕೇಬಿಟ್ಟರು. ನ್ಯಾಯಾಧೀಶರಿಗೂ ತುಟಿಯ ಮೂಲೆ ಅಲುಗಿತು. ಸರಪಳಿ ಅಲ್ಲಿಗೇ ಬಿತ್ತು.

“ಗಾಯಾಳುವಿಗೆ ನೋಟಿಸ್ ಹೋಗಿದೆಯಾ? ಬಂದಿದ್ದಾರಾ?”

ಬಂದಿದ್ದು ಅವನಲ್ಲ, ಅವನ ಹೆಂಡತಿ, ಮಾಸ್ಟರಮ್ಮನ ತಂಗಿ. ಕೈಯಲ್ಲಿ ಮಡಚಿದ ಒಂದು ಕಾಗದ. ಅದನ್ನು ನೋಡಿದ ಕೂಡಲೇ ಮಾಸ್ಟರಮ್ಮ ಮುಖ ಆಚೆ ತಿರುಗಿಸಿದಳು. ಹೋದ ಸಲ ಈ ತಂಗಿ ಬಾಯಿ ಬಿಟ್ಟಾಗ ಏನಾಗಿತ್ತು ಅಂತ ನಮಗೆಲ್ಲ ಗೊತ್ತಿತ್ತಲ್ಲ.

“ನಮ್ಮನೆಯವರು ಬರೆದು ಕೊಟ್ಟಿದ್ದಾರೆ ಸ್ವಾಮಿ,” ಅಂತ ಕಾಗದ ಕೊಟ್ಟಳು. “ಅವರಿಗೆ ಆಕ್ಷೇಪಣೆ ಇದೆಯಂತೆ. ಪ್ರಾಣಭಯ ಇದೆಯಂತೆ.”

“ಪ್ರಾಣಭಯ ಇದ್ದವರು ಏಳು ಸಲ ಅಲ್ಲಿಗೆ ಯಾಕೆ ಹೋದ್ರು?” ಅಂದರು ನ್ಯಾಯಾಧೀಶರು. ಪರವಾಗಿಲ್ಲ, ಒಂದು ಮಾತಾದರೂ ಕಿವಿಗೆ ಬಿದ್ದಿತ್ತು.

ಆಮೇಲೆ ತಂಗಿಯ ಮುಖ ನೋಡಿದರು.

“ನಿಮಗೆ ಭಯ ಇದೆಯಾ? ನೀವು ಅಲ್ಲೇ ಕೆಲಸ ಮಾಡ್ತೀರಲ್ಲ.”

“ಇದೆ ಸ್ವಾಮಿ.”

ಮಾಸ್ಟರಮ್ಮನ ಬೆನ್ನು ಬಿಗಿಯಾದದ್ದು ನನಗೆ ಹಿಂದಿನಿಂದ ಕಾಣಿಸಿತು. ನೆಗಡಿ ಮೇಡಂ ಕಣ್ಣು ಮುಚ್ಚಿಕೊಂಡರು.

“ಯಾವಾಗ ಭಯ ಆಗ್ತದೆ?”

“ಕತ್ತರಿ ನನ್ನ ಕೈಯಲ್ಲಿದ್ದಾಗ ಸ್ವಾಮಿ,” ಅಂದಳು ತಂಗಿ. “ಐದು ತಿಂಗಳಿಂದ ನಾನೇ ಕತ್ತರಿಸ್ತಿದ್ದೀನಿ. ನಲವತ್ತು ಮಕ್ಕಳ ಅಂಗಿಗೆ ಒಂದು ತೋಳು ಗಿಡ್ಡ ಆಗಿದೆ. ಒಂದು ಶಾಲೆಯಿಂದ ಇಡೀ ಮೂಟೆ ವಾಪಸ್ ಬಂತು. ನನಗಾಗಲ್ಲ. ಅಕ್ಕನಿಗೇ ಕೊಟ್ಬಿಡಿ. ಆವತ್ತು...” ಕಾಗದ ಕೊಟ್ಟು ಖಾಲಿಯಾದ ಕೈ ಮೇಲೆದ್ದು ತಾನಾಗಿ ಜುಟ್ಟಿನ ಹತ್ತಿರ ಹೋಗಿ, ಮತ್ತೆ ಕೆಳಗಿಳಿಯಿತು. “ಆವತ್ತು ಅಕ್ಕ ಸುಮ್ಮಸುಮ್ಮನೆ ಎಸೀಲಿಲ್ಲ.”

ನ್ಯಾಯಾಧೀಶರು ಆಕೆಯ ಕೈಯನ್ನು ನೋಡಿದರು. ಐದು ತಿಂಗಳ ಹಿಂದೆ ನೋಡಬೇಕಾಗಿದ್ದದ್ದು. ಆಮೇಲೆ ಆದೇಶ ಹೇಳಿ ಬರೆಸಿದರು: ಕೆಲಸದ ಸ್ಥಳದಲ್ಲಿ, ಕೆಲಸದ ವೇಳೆಯಲ್ಲಿ, ಕತ್ತರಿ ಹಿಡಿಯಬಹುದು, ಸಂಜೆ ಬೀಗ, ಜಪ್ತಿ ಮಾಡಿದ ಕತ್ತರಿಯನ್ನು ಹಿಂತಿರುಗಿಸುವುದು, ಹಿಂದಿನ ಆದೇಶವನ್ನು ‘ಅನಗತ್ಯ’ ಎಂದು ಹಿಂಪಡೆಯಲಾಗಿದೆ. ತಪ್ಪು ಅಂತ ಬರೆಸಲಿಲ್ಲ. ಅನಗತ್ಯವಂತೆ!

ಹೊರಗೆ ಬಂದರೆ ಮೆಟ್ಟಿಲ ಮೇಲೆ ಆಯ್ತಂದ್ಕೊಳ್ಳಿಯವರು ಎದುರಾದರು. ಯಾರಿಂದಲೋ ಸುದ್ದಿ ಗೊತ್ತಾಗಿತ್ತು. “ನಾನು ಹೇಳಿರ್ಲಿಲ್ವೇನಮ್ಮ? ಆಯ್ತು ಅಂದ್ಕೊಳ್ಳಿ ಅಂತ!” ಅಂದರು.

ಮಾಸ್ಟರಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. “ಸಾರ್, ಈ ಕೋಟು ನಿಮಗೆ ಹೊಲಿದದ್ದಲ್ಲ ಅಲ್ವಾ? ಬೇರೆ ಯಾರದ್ದೋ ತೆಗೆದು ಹೆಸರು ಬದಲಾಯಿಸಿದ ಹಾಗಿದೆ.”

ಅವರು ಕೋಟಿನ ತೋಳು ನೋಡಿಕೊಳ್ಳುತ್ತಾ ನಿಂತರು. ನಾವು ಇಳಿದೆವು.

ತಂಗಿ ಗೇಟಿನ ಹತ್ತಿರ ಒಂದು ಕಡೆ ನಿಂತಿದ್ದಳು. ಓಡಿ ಬಂದು ತಬ್ಬಿಕೊಳ್ಳುವುದು ಇತ್ಯಾದಿ ಏನೂ ನಡೆಯಲಿಲ್ಲ. ಮಾಸ್ಟರಮ್ಮ ಅವಳ ಮುಂದೆ ಹೋಗಿ ನಿಂತು, “ನಲವತ್ತಲ್ಲ, ಅರವತ್ತಮೂರು ಅಂಗಿ. ಕೋರ್ಟಲ್ಲಿ ಸುಳ್ಳು ಹೇಳೋ ಚಾಳಿ ಬಿಟ್ಟಿಲ್ಲ ನೀನು,” ಅಂದಳು.

“ಮನೆಗೆ ಹೋದ್ರೆ ಅವರು ಸುಮ್ನೆ ಬಿಡಲ್ಲ ಅಕ್ಕ.”

“ಹಾಗಾದ್ರೆ ಹೋಗ್ಬೇಡ. ಒಂದನೇ ತಾರೀಖಿನೊಳಗೆ ಆ ಅರವತ್ತಮೂರೂ ಬಿಚ್ಚಿ ಸರಿಮಾಡ್ಬೇಕು. ಬಿಚ್ಚೋದಕ್ಕೆ ನನಗೊಬ್ಬಳು ಬೇಕು. ನಮ್ಮನೇಲೇ ಇದ್ದು ಬಿಚ್ಚು.”

ಜಪ್ತಿ ಕೋಣೆಯ ಗುಮಾಸ್ತರು ಆದೇಶದ ಪ್ರತಿಯನ್ನು ತಲೆಕೆಳಗಾಗಿ ಹಿಡಿದು ನೋಡಿದರು, ಮೊಹರು ಕಂಡ ಮೇಲೆ ನೆಟ್ಟಗೆ ಹಿಡಿದರು. ಕಪಾಟಿನ ತಳದಿಂದ ಒಂದು ಬಟ್ಟೆ ಗಂಟು ತಂದು ಮೇಜಿನ ಮೇಲಿಟ್ಟರು. ಬಾಯಿಗೆ ದಪ್ಪ ದಾರದ ಹೊಲಿಗೆ, ಅದರ ಮೇಲೆ ಅರಗಿನ ಮುದ್ರೆ.

“ಈ ಹೊಲಿಗೆ ಯಾರು ಹಾಕಿದ್ದು?” ಅಂತ ಕೇಳಿದಳು ಮಾಸ್ಟರಮ್ಮ.

“ಪೊಲೀಸ್ನೋರು.”

“ಹಾಗೇ ಕಾಣ್ತದೆ.”

ಅರಗು ಒಡೆದು, ಹೊಲಿಗೆ ಜಗ್ಗಿ ಬಿಚ್ಚಿ ಕತ್ತರಿ ಹೊರಗೆ ತೆಗೆದರು. ತುಕ್ಕು ಅಂಚಿಗೆ ಮಾತ್ರ ಹತ್ತಿತ್ತು. ಮಾಸ್ಟರಮ್ಮ ಕೈಗೆತ್ತಿಕೊಂಡಳು, ಎಡಗೈ ಹೆಬ್ಬೆರಳು ತನ್ನ ಜಾಗಕ್ಕೆ ತಾನೇ ಹೋಗಿ ಕೂತಿತು. ಒಮ್ಮೆ ತೆರೆದು ಮುಚ್ಚಿದಳು. ಆ ಸದ್ದಿಗೆ ಬಾಗಿಲಲ್ಲಿ ನಿಂತಿದ್ದ ತಂಗಿ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಮತ್ತೆ ಮುಂದೆ ಬಂದಳು. ಕತ್ತರಿಯ ಹಿಡಿಗೆ ನೂಲಿನಿಂದ ಕಟ್ಟಿದ ಒಂದು ಚೀಟಿ ನೇತಾಡುತ್ತಿತ್ತು, ಕೇಸ್ ನಂಬರ್ ಬರೆದದ್ದು.

“ಆ ಚೀಟಿ ನಮಗೆ ವಾಪಸ್ ಬೇಕು,” ಅಂದರು ಗುಮಾಸ್ತರು. “ಗಂಟು ಬಿಗಿಯಾಗಿದೆ. ಕತ್ತರಿಸ್ಕೊಡಿ.”

ಮಾಸ್ಟರಮ್ಮ ಎಡಗೈಯಲ್ಲಿ ಕತ್ತರಿ ಹಿಡಿದುಕೊಂಡೇ, ಅದರ ಹಿಡಿಯನ್ನು ಬಾಯಿಯ ಹತ್ತಿರ ತಂದು, ನೂಲನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದಳು.